ಗೋಗ್ರಾಸವೂ ಹಸುವಿನ ಅಜೀರ್ಣವೂ

ಅಜೀರ್ಣವೆಂದರೆ ನಮಗೆ ಸಾಮಾನ್ಯವಾಗಿ ಒಂದು ದಿನದ ಮಾತು. ಮದುವೆಯ ಮನೆಯಲ್ಲಿ ಹೋಳಿಗೆ ಎರಡು ಹೆಚ್ಚಾಯಿತು. ರಾತ್ರಿ ನಿದ್ರೆ ಬಾರಲಿಲ್ಲ. ಮಾರನೆಯ ದಿನ ಒಂದು ಹೊತ್ತು ಲಂಘನ, ಒಂದು ಲೋಟ ಶುಂಠಿಯ ಕಷಾಯ. ಸಂಜೆಯ ಹೊತ್ತಿಗೆ ಮನುಷ್ಯ ಮೊದಲಿನಂತಾದ. ಹಸುವಿನ ಅಜೀರ್ಣವೂ ಹೀಗೆಯೇ ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. ಅದು ಹಾಗಲ್ಲ. ಹಸುವಿನ ಹೊಟ್ಟೆ ಕೆಟ್ಟರೆ ಆ ಕೇಡು ಹೊಟ್ಟೆಯಲ್ಲಿಯೇ ನಿಲ್ಲುವುದಿಲ್ಲ. ಅದು ರಕ್ತಕ್ಕೆ ಇಳಿಯುತ್ತದೆ, ಯಕೃತ್ತಿಗೆ ಹೋಗುತ್ತದೆ, ಮೂತ್ರಪಿಂಡವನ್ನು ಹಿಡಿಯುತ್ತದೆ, ಗೊರಸಿಗೂ ಮಿದುಳಿಗೂ ಮುಟ್ಟುತ್ತದೆ. ಕೆಲವು ವೇಳೆ ಹೊಟ್ಟೆ ಗುಣವಾಗಿ ಎಲ್ಲರೂ ಮರೆತ ಮೇಲೆ, ಮೂರು ನಾಲ್ಕು ತಿಂಗಳ ನಂತರ, ಮತ್ತೊಂದು ಅಂಗದಲ್ಲಿ ಅದರ ಫಲ ಕಾಣುತ್ತದೆ. ಈ ಕೇಡಿಗೆ ಕಾರಣವಾಗುವ ಪದಾರ್ಥ ಎಷ್ಟೋ ಸಂದರ್ಭಗಳಲ್ಲಿ ವಿಷವಲ್ಲ, ಕೊಳೆತದ್ದೂ ಅಲ್ಲ. ನಾವು ಭಕ್ತಿಯಿಂದ ಕೊಟ್ಟ ಅನ್ನ.

ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಲ್ಲಿರುವ ಶ್ರೋತೃಗಳು ಇದು ಹಳ್ಳಿಯವರಿಗೆ ಹೇಳತಕ್ಕ ಮಾತೆಂದು ರೇಡಿಯೋವಿನ ತಿರುಪನ್ನು ತಿರುಗಿಸಿಬಿಡಬಾರದೆಂದು ಕೇಳಿಕೊಳ್ಳುತ್ತೇನೆ. ಈ ಭಾಷಣ ಮುಖ್ಯವಾಗಿ ಅವರನ್ನು ಕುರಿತದ್ದೇ ಆಗಿದೆ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು 1948ರಲ್ಲಿ. ಅದಕ್ಕೆ ಮೊದಲು ಈ ಸೀಮೆಯೆಲ್ಲ ರಾಗಿಯ ಹೊಲ, ತೋಟ, ಕೆರೆಯಂಗಳ, ಹುಲ್ಲುಬನಿ. ಬಿ. ಟಿ. ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆಯೆಂಬುದನ್ನು ಅಲ್ಲಿ ವಾಸವಾಗಿರುವವರಲ್ಲಿ ಎಷ್ಟು ಮಂದಿ ನೆನೆಯುವರೋ ಕಾಣೆ. ಸಾರಕ್ಕಿ, ಯಡಿಯೂರು, ಪುಟ್ಟೇನಹಳ್ಳಿ, ಕದಿರೇನಹಳ್ಳಿಗಳೂ ಹಾಗೆಯೇ. ಬಡಾವಣೆಗಳು ಬಂದವು, ಹಳ್ಳಿಗಳು ಹೋಗಲಿಲ್ಲ, ಅವುಗಳ ನಡುವೆ ಸಿಕ್ಕಿಕೊಂಡು ಉಳಿದವು. ಆ ಹಳೆಯ ಊರಿನ ಸಂದಿಗಳಲ್ಲಿ ನಾಲ್ಕೋ ಆರೋ ಹಸುಗಳನ್ನು ಕಟ್ಟಿಕೊಂಡು, ನಸುಕಿನಲ್ಲಿ ಹಾಲು ಕರೆದು ನೆರೆಯ ಮನೆಗಳಿಗೆ ಕೊಟ್ಟು ಜೀವನ ಮಾಡುವ ಸಂಸಾರಗಳು ಈಗಲೂ ಇವೆ. ಹಸು ಉಳಿಯಿತು, ಅದು ಮೇಯುತ್ತಿದ್ದ ನೆಲ ಉಳಿಯಲಿಲ್ಲ. ಹಿಂದೆ ಹುಲ್ಲು ಹಸುವಿನ ಕಾಲಡಿಯಲ್ಲಿತ್ತು. ಈಗ ರಾಗಿಯ ಹುಲ್ಲೂ ಜೋಳದ ಕಡ್ಡಿಯೂ ಲಾರಿಯಲ್ಲಿ ಹೊರಗಣಿಂದ ಬರಬೇಕು, ಅದಕ್ಕೆ ಹಣ ತೆರಬೇಕು. ಹುಲ್ಲಿಗೆ ಹಣ ಸಾಲದಾದಾಗ ಬಾನಿಗೆ ಬೀಳುವುದು ಮಾರುಕಟ್ಟೆಯಲ್ಲಿ ಉಳಿದ ತರಕಾರಿ, ಹೋಟೆಲಿನ ಮಿಗತೆ, ಮನೆಮನೆಯ ಕಲಗಚ್ಚು. ಕರೆದಾದ ಮೇಲೆ ಹಸುವನ್ನು ಬೀದಿಗೆ ಬಿಡುವವರೂ ಉಂಟು. ಬೀದಿಯಲ್ಲಿ ಅದಕ್ಕೆ ಏನು ದೊರೆಯುವುದೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ.

ಈಗ ಹಸುವಿನ ಜಠರದ ವಿಚಾರ. ಅದಕ್ಕೆ ನಾಲ್ಕು ಹೊಟ್ಟೆಗಳೆಂದು ಶಾಲೆಯಲ್ಲಿ ಓದಿದ್ದೇವೆ. ನಾಲ್ಕನೆಯದು ಮಾತ್ರ ನಮ್ಮ ಜಠರದಂತೆ ರಸವನ್ನು ಸುರಿಸಿ ಆಹಾರವನ್ನು ಕರಗಿಸುವಂಥದು. ಪುಸ್ತಕದ ಹಾಳೆಗಳಂತೆ ಮಡಿಕೆ ಮಡಿಕೆಯಾಗಿರುವ ಮೂರನೆಯದು ನೀರನ್ನು ಹೀರುತ್ತದೆ. ಎರಡನೆಯದರ ಒಳಗೋಡೆ ಜೇನುಹುಟ್ಟಿನಂತೆ ಜಾಲರಿ ಜಾಲರಿಯಾಗಿದೆ; ಅದರ ಮಾತು ಮುಂದೆ ಬರುತ್ತದೆ. ಮೊದಲನೆಯದು, ಪಶುವೈದ್ಯರು ರೂಮೆನ್ ಎಂದು ಕರೆಯುವ ದೊಡ್ಡಹೊಟ್ಟೆ, ಉಳಿದ ಮೂರನ್ನೂ ಸೇರಿಸಿದರೂ ಅದಕ್ಕೆ ಸಮನಾಗವು. ದೊಡ್ಡ ಸೀಮೆಹಸುವಿನಲ್ಲಿ ಅದು ನೂರರಿಂದ ನೂರೈವತ್ತು ಲೀಟರು ಹಿಡಿಯುತ್ತದೆ. ಒಂದು ಮನೆಯ ನೀರಿನ ಹಂಡೆಗಳನ್ನೆಲ್ಲ ಕೂಡಿಸಿದರೆ ಎಷ್ಟಾಗುವುದೋ ಅಷ್ಟು.

ಈ ದೊಡ್ಡಹೊಟ್ಟೆಯನ್ನು ಹೊಟ್ಟೆಯೆನ್ನುವುದಕ್ಕಿಂತ ಹುದುಗುವ ಪಾತ್ರೆಯೆಂದರೆ ಸರಿಯಾದೀತು. ಹಿಟ್ಟು ರುಬ್ಬಿ ಇಟ್ಟರೆ ರಾತ್ರಿಯೆಲ್ಲ ಹುದುಗಿ ಬೆಳಗ್ಗೆ ಉಬ್ಬಿರುತ್ತದೆಯಲ್ಲ, ಆ ಕೆಲಸ ಇಲ್ಲಿ ಹಗಲಿರುಳೂ ನಡೆಯುತ್ತದೆ. ಹುಲ್ಲನ್ನು ಜೀರ್ಣಿಸುವ ಶಕ್ತಿ ಹಸುವಿಗೆ ಸ್ವಂತವಾಗಿ ಇಲ್ಲವೇ ಇಲ್ಲ. ಆ ಶಕ್ತಿಯಿರುವುದು ಅದರೊಳಗೆ ವಾಸವಾಗಿರುವ ಸೂಕ್ಷ್ಮಜೀವಿಗಳಿಗೆ. ದೊಡ್ಡಹೊಟ್ಟೆಯ ರಸದ ಒಂದೊಂದು ಮಿಲಿಲೀಟರಿನಲ್ಲಿಯೂ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಹುಲ್ಲಿನ ನಾರನ್ನು ಒಡೆದು ಮೂರು ಬಗೆಯ ಆಮ್ಲಗಳನ್ನಾಗಿ ಮಾಡುತ್ತವೆ. ವಿನಿಗರಿನಲ್ಲಿರುವ ಅಸೆಟಿಕ್ ಆಮ್ಲ ಒಂದು. ಅದು ಕೆಚ್ಚಲಿಗೆ ಹೋಗಿ ಹಾಲಿನ ಬೆಣ್ಣೆಯಾಗುತ್ತದೆ. ಪ್ರೊಪಿಯಾನಿಕ್ ಆಮ್ಲ ಎರಡನೆಯದು. ಯಕೃತ್ತು ಅದನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಮೂರನೆಯದು ಮುಗ್ಗಿದ ಬೆಣ್ಣೆಯ ವಾಸನೆಗೆ ಕಾರಣವಾದ ಬ್ಯುಟಿರಿಕ್ ಆಮ್ಲ. ಹಸುವಿನ ಶರೀರಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈ ಆಮ್ಲಗಳಿಂದಲೇ ದೊರೆಯುತ್ತದೆ. ಆದುದರಿಂದ ಹಸುವನ್ನು ಸಾಕುವವನು ವಾಸ್ತವವಾಗಿ ಸಾಕುತ್ತಿರುವುದು ಹಸುವನ್ನಲ್ಲ, ಅದರೊಳಗಿನ ಈ ಅಗೋಚರವಾದ ಪ್ರಜೆಯನ್ನು. ಪ್ರಜೆ ಸುಖವಾಗಿದ್ದರೆ ಹಸು ಸುಖವಾಗಿರುತ್ತದೆ.

ಇಷ್ಟೊಂದು ಆಮ್ಲ ಹುಟ್ಟಿದರೆ ಹೊಟ್ಟೆ ಹುಳಿಯಾಗಬೇಡವೆ ಎಂದು ಕೇಳಬಹುದು. ಆಗದಂತೆ ಕಾಪಾಡುವುದು ಮೆಲುಕು. ಹಸು ದಿನಕ್ಕೆ ಏಳೆಂಟು ಗಂಟೆಗಳ ಕಾಲ ಮೆಲುಕು ಹಾಕುತ್ತದೆ, ಹಾಗೆ ಅಗಿಯುವಾಗ ನೂರು ಲೀಟರಿಗೂ ಮೇಲ್ಪಟ್ಟು ಜೊಲ್ಲನ್ನು ನುಂಗುತ್ತದೆ. ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡದ ಅಂಶವಿದೆ. ಹುಳಿಯನ್ನು ಅದು ಕ್ಷಣಕ್ಷಣಕ್ಕೂ ತಣಿಸುತ್ತ ಬರುತ್ತದೆ. ಆಮ್ಲತೆಯನ್ನು ಅಳೆಯಲು ಪಿಎಚ್ ಎಂಬ ಮಾನವುಂಟು. ಅದರಲ್ಲಿ 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದು ಅಂಕ ಇಳಿದರೆ ಹುಳಿ ಹತ್ತುಪಟ್ಟು ಏರಿತೆಂದು ಅರ್ಥ. ಹುಲ್ಲು ತಿನ್ನುವ ಹಸುವಿನ ದೊಡ್ಡಹೊಟ್ಟೆ 6ಕ್ಕೂ 7ಕ್ಕೂ ನಡುವೆ ಇರುತ್ತದೆ. ನಾರು ತಿಂದರೆ ಮೆಲುಕು, ಮೆಲುಕಿನಿಂದ ಜೊಲ್ಲು, ಜೊಲ್ಲಿನಿಂದ ಸಮತೆ. ಅನ್ನಕ್ಕೆ ಮೆಲುಕಿಲ್ಲ. ಅದು ನೇರವಾಗಿ ಕೆಳಗಿಳಿಯುತ್ತದೆ.

ಇನ್ನು ಒಂದು ಒಳ್ಳೆಯ ಮುಹೂರ್ತದ ದಿನವನ್ನು ಊಹಿಸಿಕೊಳ್ಳಿರಿ. ದಕ್ಷಿಣ ಬೆಂಗಳೂರಿನಲ್ಲಿ ಅಂದು ಎಷ್ಟು ಗೃಹಪ್ರವೇಶಗಳು! ಮನೆಯೊಳಕ್ಕೆ ಮೊದಲು ಹಸುಕರು ಬರಬೇಕೆಂಬುದು ಸಂಪ್ರದಾಯ. ಅದಕ್ಕೆಂದು ಹಸುವನ್ನು ಬಾಡಿಗೆಗೆ ಹೊಡೆದುಕೊಂಡು ಬರುತ್ತಾರೆ. ಒಂದೇ ಹಸು ಬೆಳಗಿನ ಜಾವದಿಂದ ಮೂರು ನಾಲ್ಕು ಮನೆಗಳ ಹೊಸಿಲನ್ನು ದಾಟುವುದುಂಟು. ಪ್ರತಿಯೊಂದು ಮನೆಯಲ್ಲಿಯೂ ಅದಕ್ಕೆ ಅಕ್ಕಿ, ಬೆಲ್ಲ, ಒಂದು ಚಿಪ್ಪು ಬಾಳೆಯ ಹಣ್ಣು. ಮನೆಯವರು ಕೊಟ್ಟದ್ದು ಒಂದು ಬೊಗಸೆ, ಹಸು ಉಂಡದ್ದು ನಾಲ್ಕು ಮನೆಯದು. ಸಂಕ್ರಾಂತಿಯಲ್ಲಿ ಹುಗ್ಗಿ, ಮಹಾಲಯದಲ್ಲಿ ಪಿಂಡದ ಅನ್ನ, ಆಯುಧಪೂಜೆಯ ಮಾರನೆಯ ದಿನ ಬೀದಿಯ ತುಂಬ ಒಡೆದ ಬೂದುಗುಂಬಳ, ಪುರಿ, ಬಾಳೆಯ ಕಂದು. ಲಗ್ನದ ಕಾಲದಲ್ಲಿ ಛತ್ರದ ಹಿಂಬಾಗಿಲಲ್ಲಿ ಬೀಳುವ ಮಿಗತೆಯ ರಾಶಿಯನ್ನಂತೂ ಹೇಳುವುದೇ ಬೇಡ. ಹಸುವಿಗೆ ಇಷ್ಟು ಸಾಕೆನ್ನುವ ವಿವೇಕವಿಲ್ಲ. ರುಚಿಯಾದದ್ದು ಸಿಕ್ಕರೆ ಮುಗಿಯುವವರೆಗೂ ತಿನ್ನುತ್ತದೆ. (ನಮ್ಮ ಬಸವನಗುಡಿಯ ಬಸವಣ್ಣನು ಸುಂಕೇನಹಳ್ಳಿಯ ರೈತರ ಹೊಲಗಳ ಕಡಲೆಕಾಯಿಯನ್ನೆಲ್ಲ ತಿಂದು ತೇಗಿದನೆಂದು ಐತಿಹ್ಯವಿದೆ. ಅವನು ಕಲ್ಲಿನ ಬಸವ, ಅರಗಿಸಿಕೊಂಡನು. ಉಳಿದವಕ್ಕೆ ಆ ಶಕ್ತಿಯಿಲ್ಲ.)

ಬೇಯಿಸಿದ ಅನ್ನ ಹೇರಳವಾಗಿ ಒಮ್ಮೆಲೆ ದೊಡ್ಡಹೊಟ್ಟೆಗೆ ಬಿದ್ದಾಗ ನಡೆಯುವುದೇನು? ನಾರನ್ನು ಒಡೆಯುವ ಸೂಕ್ಷ್ಮಜೀವಿಗಳು ನಿಧಾನದ ಕೆಲಸಗಾರರು. ಪಿಷ್ಟವನ್ನು ತಿನ್ನುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಜೀವಿ ಹಾಗಲ್ಲ. ಸಾಮಾನ್ಯ ದಿನಗಳಲ್ಲಿ ಅದರ ಸಂಖ್ಯೆ ಕಡಿಮೆ. ಪಿಷ್ಟ ಸಿಕ್ಕಿತೆಂದರೆ ಅರ್ಧಗಂಟೆಯೊಳಗೇ ಇಮ್ಮಡಿಯಾಗುತ್ತದೆ, ಮತ್ತೆ ಇಮ್ಮಡಿಯಾಗುತ್ತದೆ. ಅದು ಹುಟ್ಟಿಸುವುದು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನು. ಇದು ಮೇಲೆ ಹೇಳಿದ ಮೂರು ಆಮ್ಲಗಳಿಗಿಂತ ಹತ್ತುಪಟ್ಟು ತೀಕ್ಷ್ಣವಾದದ್ದು. ಪಿಎಚ್ 5ಕ್ಕೆ ಇಳಿಯುತ್ತದೆ. ಆ ಹುಳಿಯಲ್ಲಿ ನಾರಿನ ಕೆಲಸಗಾರರೆಲ್ಲ ಸಾಯುತ್ತಾರೆ. ಕಡೆಗೆ ಸ್ಟ್ರೆಪ್ಟೊಕಾಕಸ್ ಕೂಡ ತಾನು ಮಾಡಿದ ಹುಳಿಯಲ್ಲಿ ತಾನೇ ಉಳಿಯಲಾರದೆ ಹಿಂದೆ ಸರಿಯುತ್ತದೆ. ಅದರ ಸ್ಥಾನದಲ್ಲಿ ಹುಳಿಯಲ್ಲಿಯೇ ಹಿಗ್ಗುವ ಲ್ಯಾಕ್ಟೊಬ್ಯಾಸಿಲಸ್‌ಗಳು ಬಂದು ಕೂರುತ್ತವೆ, ಇನ್ನಷ್ಟು ಹುಳಿ ಮಾಡುತ್ತವೆ. ಹೀಗೆ ಒಂದು ಪ್ರಜೆ ಅಳಿದು ಮತ್ತೊಂದು ಪ್ರಜೆ ರಾಜ್ಯವಾಳುವ ಈ ಕ್ರಮವನ್ನು ಅಮೆರಿಕದ ರಾಬರ್ಟ್ ಹಂಗೇಟ್ ಮತ್ತು ಅವರ ಸಂಗಡಿಗರು ಕುರಿಗಳ ಮೇಲೆ ಪರೀಕ್ಷೆ ಮಾಡಿ 1952ರಲ್ಲಿ ಪ್ರಕಟಿಸಿದರು. ಇಡೀ ಕ್ರಾಂತಿ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿದುಹೋಗುತ್ತದೆ.

ಇಲ್ಲಿಂದ ಮುಂದೆ ಹೊಟ್ಟೆಯ ಕಥೆ ಶರೀರದ ಕಥೆಯಾಗುತ್ತದೆ. ದೊಡ್ಡಹೊಟ್ಟೆಯಲ್ಲಿ ಆಮ್ಲ ಗಟ್ಟಿಯಾದಷ್ಟೂ ಅದು ರಕ್ತದಲ್ಲಿರುವ ನೀರನ್ನು ತನ್ನ ಕಡೆಗೆ ಸೆಳೆಯುತ್ತದೆ. ಉಪ್ಪು ಸವರಿದ ಮಾವಿನ ಹೋಳು ನೀರು ಬಿಡುವುದಿಲ್ಲವೆ, ಹಾಗೆ. ಎಡಪಕ್ಕೆಯನ್ನು ಅಲುಗಿಸಿದರೆ ಬಿಂದಿಗೆಯ ನೀರಿನಂತೆ ಕುಲುಕುವ ಸದ್ದಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿರುವಾಗಲೇ ಶರೀರ ಒಣಗುತ್ತಿರುತ್ತದೆ. ಕಣ್ಣು ಗುಳಿಬೀಳುತ್ತದೆ, ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ. ರಕ್ತ ಮಂದವಾಗಿ ಮೂತ್ರಪಿಂಡಗಳಿಗೆ ಸಾಕಷ್ಟು ಹರಿಯದೆ ಮೂತ್ರ ಕಡಿಮೆಯಾಗಿ ನಿಂತುಹೋಗುತ್ತದೆ. ಲ್ಯಾಕ್ಟಿಕ್ ಆಮ್ಲದಲ್ಲಿ ಎರಡು ರೂಪಗಳುಂಟು. ಒಂದನ್ನು ಶರೀರ ಬೇಗ ಸುಟ್ಟುಕೊಳ್ಳುತ್ತದೆ, ಮತ್ತೊಂದನ್ನು ಬಹಳ ನಿಧಾನವಾಗಿ. ಆ ಎರಡನೆಯದು ರಕ್ತದಲ್ಲಿ ಕೂಡಿಕೊಂಡು ರಕ್ತವನ್ನೇ ಹುಳಿಯ ಕಡೆಗೆ ವಾಲಿಸುತ್ತದೆ. ಹಸು ಕುಡಿದವನಂತೆ ತೂರಾಡುತ್ತದೆ, ಆಮೇಲೆ ಮಲಗುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಇಟ್ಟುಕೊಂಡು ಏಳುವುದೇ ಇಲ್ಲ. ಚಿಕಿತ್ಸೆಯಿಲ್ಲದಿದ್ದರೆ ಒಂದರಿಂದ ಮೂರು ದಿನಗಳೊಳಗೆ ಸಾವು.

ಇದು ಎಲ್ಲರ ಕಣ್ಣಿಗೂ ಕಾಣುವ ರೂಪ. ಬದುಕಿಕೊಂಡ ಹಸುವಿನ ವಿಷಯವನ್ನು ನಾನು ಹೆಚ್ಚು ಹೇಳಬೇಕೆಂದಿದ್ದೇನೆ, ಏಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಳಿಯಿಂದ ದೊಡ್ಡಹೊಟ್ಟೆಯ ಒಳಚರ್ಮ ಬೆಂದು ಹುಣ್ಣಾಗುತ್ತದೆ. ಅಲ್ಲಿ ಫ್ಯುಸೊಬ್ಯಾಕ್ಟೀರಿಯಂ ಎಂಬ ಜೀವಿಯೊಂದು ಸಾಧುವಾಗಿ ಕುಳಿತಿರುತ್ತದೆ; ಹುಣ್ಣಿನ ಬಾಗಿಲು ತೆರೆದರೆ ರಕ್ತಕ್ಕೆ ನುಗ್ಗುತ್ತದೆ. ಜಠರದಿಂದ ಹೊರಟ ರಕ್ತವೆಲ್ಲ ಮೊದಲು ಹೋಗುವುದು ಯಕೃತ್ತಿಗೆ. ಅಲ್ಲಿ ಈ ಜೀವಿ ನೆಲೆನಿಂತು ಕೀವಿನ ಗಡ್ಡೆಗಳನ್ನು ಕಟ್ಟುತ್ತದೆ. ಹಸು ಮೇಯುತ್ತಿರುತ್ತದೆ, ಹಾಲು ಕೊಡುತ್ತಿರುತ್ತದೆ; ಗಡ್ಡೆಯಿರುವ ಸುಳಿವು ಇರುವುದಿಲ್ಲ. ಒಂದು ದಿನ ಗಡ್ಡೆ ಪಕ್ಕದ ದೊಡ್ಡ ರಕ್ತನಾಳದೊಳಕ್ಕೆ ಒಡೆಯುತ್ತದೆ. ಕೀವು ಹೃದಯದ ಮೂಲಕ ಶ್ವಾಸಕೋಶಗಳಿಗೆ ಹೋಗಿ ಅಲ್ಲಿನ ನಾಳಗಳನ್ನು ಕೊರೆಯುತ್ತದೆ. ನಿಂತಿದ್ದ ಹಸು ಇದ್ದಕ್ಕಿದ್ದಂತೆ ಮೂಗುಬಾಯಿಗಳಲ್ಲಿ ರಕ್ತ ಸುರಿಸಿ ಬೀಳುತ್ತದೆ. ನೋಡಿದವರು ಯಾರೋ ವಿಷ ಹಾಕಿದರೆನ್ನುತ್ತಾರೆ, ಇಲ್ಲವೆ ದೃಷ್ಟಿಯೆನ್ನುತ್ತಾರೆ. ತಿಂಗಳುಗಳ ಹಿಂದಿನ ಅನ್ನದ ರಾಶಿ ಯಾರ ನೆನಪಿಗೂ ಬರುವುದಿಲ್ಲ.

ಈ ಯಕೃತ್ತಿನ ಗಡ್ಡೆಯ ವಿಷಯದಲ್ಲಿ ಪ್ರಪಂಚಕ್ಕೆ ಅರಿವನ್ನು ತಂದವರಲ್ಲಿ ಇಬ್ಬರು ಬೆಂಗಳೂರಿನಲ್ಲಿ ಪಶುವೈದ್ಯವನ್ನು ಕಲಿತವರೆಂಬುದು ನಮಗೆ ಸಂತೋಷದ ಸಂಗತಿ. ಟಿ. ಜಿ. ನಾಗರಾಜ ಅವರೂ ಎಂ. ಎಂ. ಚೆಂಗಪ್ಪ ಅವರೂ ಅಮೆರಿಕದ ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೆಲಸಮಾಡಿ, 1998ರಲ್ಲಿ ಈ ವ್ಯಾಧಿಯ ಬಗ್ಗೆ ಬರೆದ ಸಮೀಕ್ಷೆಯನ್ನು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಅಮೆರಿಕದಲ್ಲಿ ಧಾನ್ಯವನ್ನು ತಿನ್ನಿಸಿ ಕೊಬ್ಬಿಸುವ ದನಗಳ ದೊಡ್ಡಿಗಳಲ್ಲಿ ಹೆಚ್ಚುಪಾಲು ಕಡೆ ನೂರಕ್ಕೆ 12ರಿಂದ 32 ದನಗಳ ಯಕೃತ್ತಿನಲ್ಲಿ ಗಡ್ಡೆ ಕಾಣುವುದೆಂದು ಅವರು ಬರೆದರು. ಅಲ್ಲಿ ಧಾನ್ಯವನ್ನು ಲಾಭಕ್ಕಾಗಿ ಹಾಕುತ್ತಾರೆ, ಇಲ್ಲಿ ಪುಣ್ಯಕ್ಕಾಗಿ. ಯಕೃತ್ತಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಗೊರಸಿನ ವಿಚಾರ ಇದಕ್ಕಿಂತಲೂ ವಿಚಿತ್ರ. ಹೊಟ್ಟೆಗೂ ಗೊರಸಿಗೂ ಏನು ಸಂಬಂಧ? ಗೊರಸಿನ ಕೊಂಬಿನಂಥ ಕವಚವೂ ಒಳಗಿನ ಮೂಳೆಯೂ ಪುಟ್ಟ ಪುಟ್ಟ ಎಲೆಗಳಂಥ ಪದರಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ಸತ್ತ ಸೂಕ್ಷ್ಮಜೀವಿಗಳಿಂದ ಬಿಡುಗಡೆಯಾದ ವಿಷಗಳು ರಕ್ತಕ್ಕೆ ಸೇರಿದಾಗ ಈ ಪದರಗಳ ಸಣ್ಣ ನಾಳಗಳು ಕೆಡುತ್ತವೆ, ಪದರ ಊದುತ್ತದೆ. ಊತಕ್ಕೆ ಜಾಗವೆಲ್ಲಿ? ಕವಚ ಹಿಗ್ಗುವುದಿಲ್ಲ. ನಮ್ಮ ಉಗುರಿನ ಕೆಳಗೆ ರಕ್ತ ಕಟ್ಟಿದಾಗ ಆಗುವ ನೋವನ್ನು ನೆನೆದುಕೊಂಡರೆ, ಆ ನೋವಿನ ಮೇಲೆ ನಾಲ್ಕು ನೂರು ಐದು ನೂರು ಕಿಲೋಗ್ರಾಂ ಭಾರವನ್ನು ಹೊತ್ತು ಸಿಮೆಂಟಿನ ನೆಲದ ಮೇಲೆ ದಿನವೆಲ್ಲ ನಿಲ್ಲುವುದು ಎಂಥದೆಂದು ತಿಳಿದೀತು. ಗೊರಸು ತಿಂಗಳಿಗೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ ಗಾಯದ ಗುರುತು ಕೆಳಗಿಳಿದು ಅಂಗಾಲಿನ ಹುಣ್ಣಾಗಿ ಕಾಣುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸಂಕ್ರಾಂತಿಯ ಹುಗ್ಗಿಯ ಲೆಕ್ಕವನ್ನು ಹಸು ಯುಗಾದಿ ಕಳೆದ ಮೇಲೆ ಕುಂಟುತ್ತ ತೀರಿಸುತ್ತದೆ.

ಮಿದುಳಿಗೂ ಪಾಲುಂಟು. ಥಯಮಿನ್ ಎಂಬ ಜೀವಸತ್ವವನ್ನು ನಾವು ಆಹಾರದಿಂದ ಪಡೆಯಬೇಕು. ಹಸುವಿಗೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ಮಾಡಿಕೊಡುತ್ತವೆ. ಹೊಟ್ಟೆ ಹುಳಿಯಾದಾಗ ಹೊಸ ಪ್ರಜೆ ಥಯಮಿನನ್ನು ಮಾಡುವುದಿರಲಿ, ಇದ್ದುದನ್ನೂ ನಾಶಮಾಡುತ್ತದೆ. ಹಸುವಿಗೆ ಕಣ್ಣು ಕಾಣಿಸದಂತಾಗುತ್ತದೆ. ಗೋಡೆಗೆ ಹಣೆಯನ್ನು ಒತ್ತಿಕೊಂಡು ನಿಂತುಬಿಡುತ್ತದೆ. ವೈದ್ಯರು ಬೇಗನೆ ಥಯಮಿನ್ ಸೂಜಿಮದ್ದನ್ನು ಹಾಕಿದರೆ ದೃಷ್ಟಿ ಮರಳುವುದುಂಟು.

ಇದುವರೆಗೆ ಹೇಳಿದ್ದು ಒಂದು ದಿನದ ಅತಿಭೋಜನದ ಮಾತು. ದಿನದಿನವೂ ಸ್ವಲ್ಪ ಸ್ವಲ್ಪವಾಗಿ ನಡೆಯುವ ಮತ್ತೊಂದು ಕ್ರಮವಿದೆ. ಅದು ಊರ ಹಸುಗಳನ್ನು ಸದ್ದಿಲ್ಲದೆ ಸವೆಸುತ್ತದೆ. ಹುಲ್ಲು ಕಡಿಮೆ, ಬೂಸ ಹಿಂಡಿ ಕಲಗಚ್ಚು ಹೆಚ್ಚು. ದೊಡ್ಡಹೊಟ್ಟೆಯ ಪಿಎಚ್ ದಿನಕ್ಕೆ ಕೆಲವು ಗಂಟೆಗಳ ಕಾಲ 5.6ಕ್ಕಿಂತ ಕೆಳಗಿಳಿದು ಮತ್ತೆ ಏರುತ್ತದೆ. ಹಸು ಮಲಗುವುದಿಲ್ಲ, ಕುಂಟುವುದಿಲ್ಲ. ಒಂದು ದಿನ ಮೇಯುತ್ತದೆ, ಒಂದು ದಿನ ಮೇವನ್ನು ಬಿಡುತ್ತದೆ. ಸಗಣಿ ತೆಳ್ಳಗೆ ನೊರೆನೊರೆಯಾಗುತ್ತದೆ. ಮೊದಲು ಗೊತ್ತಾಗುವುದು ಹಾಲಿನಲ್ಲಿ. ನಾರು ಕಡಿಮೆಯಾದರೆ ಅಸೆಟಿಕ್ ಆಮ್ಲ ಕಡಿಮೆ. ಹುಳಿಯಾದ ಹೊಟ್ಟೆಯಲ್ಲಿ ಹುಟ್ಟುವ ಕೆಲವು ಕೊಬ್ಬಿನ ಅಂಶಗಳು ಕೆಚ್ಚಲಿನ ಬೆಣ್ಣೆಯ ಕೆಲಸವನ್ನೇ ತಡೆಯುತ್ತವೆ. ಹಾಲಿನ ಅಳತೆ ಹಾಗೆಯೇ ಇದ್ದು ಜಿಡ್ಡು ಇಳಿಯುತ್ತದೆ. ಸಹಕಾರ ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡನ್ನು ನೋಡಿ. ಹಾಲಿನವನು ನೀರು ಬೆರೆಸಿದನೆಂದು ಗೃಹಿಣಿಯರು ಆಡಿಕೊಳ್ಳುವ ಸಂದರ್ಭಗಳಲ್ಲಿ ಕೆಲವಾದರೂ ಹಸುವಿನ ಹೊಟ್ಟೆಯ ಹುಳಿಯಿಂದ ಬಂದವಾಗಿರಬಹುದು. ಎಲ್ಲವೂ ಹಾಗೆಯೇ ಎಂದು ನಾನು ಹಾಲಿನವರ ಪರವಾಗಿ ವಕಾಲತ್ತು ವಹಿಸುವುದಿಲ್ಲ.

ಕರು ಹಾಕಿದ ಹೊಸದರಲ್ಲಿ ಈ ತೊಂದರೆ ಬಂದರೆ ಅದರ ರೀತಿ ಬೇರೆ. ಆಗ ಹಾಲು ಏರುತ್ತಿರುತ್ತದೆ, ಹಸಿವು ಇನ್ನೂ ಏರಿರುವುದಿಲ್ಲ. ಹಾಲಿಗೆ ಬೇಕಾದ ಸಕ್ಕರೆಯನ್ನು ಹೊಂದಿಸಲು ಶರೀರ ತನ್ನ ಕೊಬ್ಬನ್ನೇ ಕರಗಿಸುತ್ತದೆ. ಕರಗಿದ ಕೊಬ್ಬು ಯಕೃತ್ತಿಗೆ ಬರುತ್ತದೆ. ಯಕೃತ್ತು ಒಂದು ಮಿತಿಯವರೆಗೆ ಸುಡುತ್ತದೆ, ಮಿಕ್ಕದ್ದು ಅಲ್ಲಿಯೇ ಜಮೆಯಾಗಿ ಯಕೃತ್ತು ಹಳದಿಯಾಗಿ ಜಿಡ್ಡುಗಟ್ಟುತ್ತದೆ; ಅರ್ಧ ಸುಟ್ಟದ್ದು ಕೀಟೋನ್ ಎಂಬ ವಸ್ತುಗಳಾಗಿ ರಕ್ತಕ್ಕೂ ಹಾಲಿಗೂ ಉಸಿರಿಗೂ ಸೇರುತ್ತದೆ. ಮೂಗಿನ ಹತ್ತಿರ ಹೋದರೆ ಹಣ್ಣಿನಂಥ ಸಿಹಿವಾಸನೆ. ಇಂಥ ಸಮಯದಲ್ಲಿ ಹೊಟ್ಟೆ ಕೆಟ್ಟು ಎರಡು ದಿನ ಮೇವು ಬಿಟ್ಟರೆ ಸಾಕು, ಕೀಟೋನ್ ರೋಗ ಹಿಡಿಯುತ್ತದೆ. ಕೀಟೋನ್ ಹಿಡಿದರೆ ಮೇವು ಇನ್ನೂ ಬೇಡವಾಗುತ್ತದೆ. ದೊಡ್ಡಹೊಟ್ಟೆ ಬರಿದಾಗಿ ಜಾಗ ಬಿಟ್ಟುಕೊಟ್ಟಾಗ ನಾಲ್ಕನೆಯ ಜಠರ ಗಾಳಿತುಂಬಿ ತನ್ನ ನೆಲೆ ಬಿಟ್ಟು ಎಡಪಕ್ಕೆಗೆ ತೇಲಿಬರುವುದೂ ಉಂಟು. ದಿನಕ್ಕೆ ಹದಿನೈದು ಇಪ್ಪತ್ತು ಲೀಟರು ಕರೆಯುವ ಮಿಶ್ರತಳಿಯ ಹಸುವಿಗೆ ಈ ಅಪಾಯ ಹೆಚ್ಚು. ನಮ್ಮ ಹಳ್ಳಿಕಾರ್ ಹಸು ಕೊಡುವ ಹಾಲು ಅಲ್ಪ. ಇಂಥ ಸಂಕಟ ಅದಕ್ಕೆ ಅಪರೂಪ.

ಇದುವರೆಗೆ ಹೇಳಿದ್ದೆಲ್ಲ ಆಹಾರದ ಕಥೆ. ಆಹಾರವಲ್ಲದ್ದರ ಕಥೆ ಚಿಕ್ಕದು, ಆದರೆ ಬಿಡುವಂತಿಲ್ಲ. ಹಸು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಗೆಯಿಂದ ಬಳಸಿ ಎಳೆದು, ಅಗಿಯದೆ ನುಂಗುತ್ತದೆ. ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಚೀಲದ ಸಮೇತ ಹೊಟ್ಟೆ ಸೇರುತ್ತದೆ. ಅದನ್ನು ಒಡೆಯುವ ಸೂಕ್ಷ್ಮಜೀವಿ ಅಲ್ಲಿಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಹೆಣೆದುಕೊಂಡು ಹಗ್ಗದ ಸಿಂಬಿಯಂತೆ ಆಗುತ್ತದೆ. ಹೊಟ್ಟೆ ತುಂಬಿರುವಂತೆ ಕಂಡು ಹಸು ಎಲುಬುಗೂಡಾಗುತ್ತದೆ. ಎಡಪಕ್ಕೆಯನ್ನು ಕೊಯ್ದು ಕಿಲೋಗ್ರಾಂಗಟ್ಟಲೆ ಪ್ಲಾಸ್ಟಿಕ್ಕನ್ನು ಹೊರತೆಗೆಯುವುದು ಪಶುವೈದ್ಯರಿಗೆ ಈಗ ಹೊಸ ಸಂಗತಿಯಲ್ಲ. ಕರ್ಣಾಟಕ ಸರ್ಕಾರ 2016ರಲ್ಲಿ ಇಂಥ ಚೀಲಗಳನ್ನು ನಿಷೇಧಿಸಿತು. ಭಾರತ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ಪದಾರ್ಥಗಳನ್ನು ನಿಷೇಧಿಸಿತು. ಆಜ್ಞೆ ಬೀದಿಯ ಮೂಲೆಯವರೆಗೆ ಎಷ್ಟು ಬಂದಿದೆಯೆಂಬುದನ್ನು ಬೆಳಗ್ಗೆ ಹಾಲು ತರಲು ಹೋಗುವವರು ಬಲ್ಲರು.

ತಂತಿಯೂ ಮೊಳೆಯೂ ಪ್ಲಾಸ್ಟಿಕ್ಕಿಗಿಂತ ಕ್ರೂರ. ಭಾರವಾದದ್ದರಿಂದ ಅವು ನಾನು ಹಿಂದೆ ಹೇಳಿದ ಜಾಲರಿಯ ಹೊಟ್ಟೆಗೆ ಬೀಳುತ್ತವೆ. ಆ ಹೊಟ್ಟೆಯ ಮುಂದೆ ವಪೆ, ವಪೆಯ ಆಚೆ ಬದಿಗೆ ಹೃದಯ. ನಡುವೆ ಕೆಲವೇ ಅಂಗುಲಗಳ ಅಂತರ. ಹೊಟ್ಟೆ ಸಂಕುಚಿಸಿದಾಗಲೆಲ್ಲ ತಂತಿ ಮುಂದೆ ಚುಚ್ಚುತ್ತ ಹೋಗಿ ಹೃದಯದ ಚೀಲವನ್ನು ಮುಟ್ಟುತ್ತದೆ; ಚೀಲದಲ್ಲಿ ಕೀವು ತುಂಬುತ್ತದೆ; ಹಸು ಬೆನ್ನನ್ನು ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಅಗಲಿಸಿ ನಿಲ್ಲುತ್ತದೆ, ಗಂಗೆದೊಗಲಿನ ಕೆಳಗೆ ನೀರು ಇಳಿಯುತ್ತದೆ. ಮನೆಗಳನ್ನು ಒಡೆದು ಕಟ್ಟುವುದು ಎಂದಿಗೂ ಮುಗಿಯದ ಈ ಬಡಾವಣೆಗಳಲ್ಲಿ ಕಬ್ಬಿಣ ಕಟ್ಟುವ ತಂತಿಯ ತುಂಡುಗಳಿಗೆ ಬರವಿಲ್ಲ. ಹಾರಗಳನ್ನು ತಂತಿಯಿಂದ ಕಟ್ಟಿ ಪೂಜೆಯ ಮಾರನೆಯ ದಿನ ಹಸುವಿನ ಮುಂದೆ ಹಾಕುವವರೂ ಉಂಟು. ಹಸುವಿಗೆ ಬೆರಳುದ್ದದ ಅಯಸ್ಕಾಂತವೊಂದನ್ನು ನುಂಗಿಸಿ ಜಾಲರಿಯ ಹೊಟ್ಟೆಯಲ್ಲಿ ಕಾಯಂ ಇರಿಸುವ ಉಪಾಯವೊಂದಿದೆ. ಕಬ್ಬಿಣದ ತುಂಡುಗಳು ಅದಕ್ಕೆ ಅಂಟಿಕೊಂಡು ಚುಚ್ಚದೆ ಬಿದ್ದಿರುತ್ತವೆ. ಹೊರದೇಶಗಳಲ್ಲಿ ಇದು ವಾಡಿಕೆ. ನಮ್ಮಲ್ಲಿಯೂ ಇದನ್ನು ರೂಢಿಗೆ ತರಬಹುದಾಗಿದೆ.

ಈ ವಿಷಯಗಳೆಲ್ಲ ದೂರದ ವಿದ್ಯೆಯೆಂದು ತಿಳಿಯಬಾರದು. ಬಿ. ಟಿ. ಎಂ. ಬಡಾವಣೆಗೆ ಹತ್ತಿರದ ಆಡುಗೋಡಿಯಲ್ಲಿ 1923ರಿಂದಲೂ ಹೈನಿನ ಶಾಸ್ತ್ರ ನಡೆದುಬಂದಿದೆ. ಆಗ ಅದು ಇಂಪೀರಿಯಲ್ ಸಂಸ್ಥೆ. ಗಾಂಧಿಯವರು 1927ರಲ್ಲಿ ಆರೋಗ್ಯಕ್ಕಾಗಿ ಬೆಂಗಳೂರಿನಲ್ಲಿ ತಂಗಿದ್ದಾಗ ಅಲ್ಲಿಗೆ ಹೋಗಿ ಗೋಪಾಲನೆಯನ್ನು ವಿದ್ಯಾರ್ಥಿಯಂತೆ ಕಲಿತರು. ಮುಖ್ಯ ಸಂಸ್ಥೆ 1955ರಲ್ಲಿ ಕರ್ನಾಲಿಗೆ ಹೋಯಿತು. ಇಲ್ಲಿ ಅದರ ದಕ್ಷಿಣ ಶಾಖೆ ಉಳಿಯಿತು. 1995ರಲ್ಲಿ ಅದರ ಬಳಿಯಲ್ಲಿಯೇ ಪ್ರಾಣಿಗಳ ಪೋಷಣೆ ಮತ್ತು ಶರೀರಕ್ರಿಯೆಗಳ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ದಾರಿಯಲ್ಲಿ ಸಿಗುವ ಡೈರಿ ಸರ್ಕಲ್ಲಿನ ಹೆಸರೇ ಹೇಳುವಂತೆ, ಊರಿಗೆ ಹಾಲನ್ನು ಹಂಚುವ ದೊಡ್ಡ ಡೈರಿಯೂ ಅಲ್ಲಿಯೇ. ಹಸುವಿನ ದೊಡ್ಡಹೊಟ್ಟೆಯನ್ನು ಕುರಿತು ದೇಶದಲ್ಲಿ ಚೆನ್ನಾಗಿ ಬಲ್ಲವರು ಕೆಲಸಮಾಡುವ ಸ್ಥಳಕ್ಕೂ, ಛತ್ರದ ಹಿಂದೆ ಅನ್ನದ ರಾಶಿಗೆ ಬಾಯಿ ಹಾಕಿರುವ ಹಸುವಿಗೂ ಎಷ್ಟೋ ಕಡೆ ಒಂದೆರಡು ಮೈಲಿಗಳ ಅಂತರ ಮಾತ್ರ.

ಹಸು ಹೆಚ್ಚು ತಿಂದಿತೆಂದು ಗೊತ್ತಾದರೆ ಮಾಡತಕ್ಕದ್ದೇನು? ಎಡಪಕ್ಕೆಯ ಕುಳಿಯಲ್ಲಿ ಮುಷ್ಟಿಯನ್ನು ಒತ್ತಿ ಹಿಡಿಯಿರಿ. ಆರೋಗ್ಯವಾದ ಹಸುವಿನ ದೊಡ್ಡಹೊಟ್ಟೆ ಎರಡು ನಿಮಿಷದಲ್ಲಿ ಎರಡು ಮೂರು ಸಲ ಕೈಯನ್ನು ಮೇಲಕ್ಕೆ ಎತ್ತುತ್ತದೆ. ಎತ್ತದಿದ್ದರೆ, ಮೆಲುಕು ನಿಂತಿದ್ದರೆ, ಕಾಯಬಾರದು. ರೋಗ ಕಾಣುವ ಮೊದಲಿನ ಆ ಕೆಲವು ಗಂಟೆಗಳೇ ಬೆಲೆಯುಳ್ಳವು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುವೈದ್ಯಶಾಲೆಯ ನೆರವು ಕೇಳಬಹುದು. ಎಷ್ಟು ಹೊತ್ತಿನ ಹಿಂದೆ, ಏನನ್ನು, ಎಷ್ಟು ತಿಂದಿತೆಂಬುದನ್ನು ಮುಚ್ಚಿಡದೆ ಹೇಳಬೇಕು. ಮಲಗಿದ ಹಸುವಿನ ಬಾಯಿಗೆ ಬಲವಂತವಾಗಿ ಎಣ್ಣೆಯನ್ನೋ ಕಷಾಯವನ್ನೋ ಗೊಟ್ಟದಿಂದ ಹೊಯ್ಯಬಾರದು; ಅದು ಶ್ವಾಸಕೋಶಕ್ಕೆ ಇಳಿದರೆ ಮದ್ದೇ ಮೃತ್ಯುವಾಗುತ್ತದೆ. ವೈದ್ಯರು ಕ್ಷಾರವನ್ನು ಕೊಡುತ್ತಾರೆ, ರಕ್ತನಾಳಕ್ಕೆ ದ್ರವವನ್ನು ಏರಿಸುತ್ತಾರೆ, ಅಗತ್ಯಬಿದ್ದರೆ ಪಕ್ಕೆಯನ್ನು ತೆರೆದು ಹೊಟ್ಟೆಯನ್ನು ಬರಿದುಮಾಡುತ್ತಾರೆ. ಆಮೇಲೆ ಆರೋಗ್ಯವಾದ ಬೇರೊಂದು ಹಸುವಿನ ದೊಡ್ಡಹೊಟ್ಟೆಯಿಂದ ಕೆಲವು ಲೀಟರು ರಸವನ್ನು ತೆಗೆದು ಇದಕ್ಕೆ ಹೊಯ್ಯುವುದುಂಟು. ಹಾಲಿಗೆ ಹೆಪ್ಪು ಹಾಕಿದಂತೆ, ಅಳಿದ ಪ್ರಜೆಯ ಜಾಗದಲ್ಲಿ ಹೊಸ ಪ್ರಜೆ ಹೀಗೆ ನೆಲೆಗೊಳ್ಳುತ್ತದೆ.

ಗೋಗ್ರಾಸವನ್ನು ಬಿಡಿರೆಂದು ನಾನು ಹೇಳುವವನಲ್ಲ. ಗ್ರಾಸವೆಂದರೆ ತುತ್ತು ಎಂದರ್ಥ, ಊಟವೆಂದಲ್ಲ. ಅನ್ನವನ್ನೇ ಕೊಡಬೇಕೆಂಬ ಮನಸ್ಸಿದ್ದರೆ ನಿಜವಾಗಿ ಒಂದು ತುತ್ತನ್ನು ಕೊಟ್ಟು, ಮಿಕ್ಕದ್ದಕ್ಕೆ ಮಾರುಕಟ್ಟೆಯಿಂದ ಒಂದು ಕಟ್ಟು ಅಗಸೆ ಸೊಪ್ಪನ್ನೋ ಹಸಿ ಹುಲ್ಲನ್ನೋ ತಂದು ಹಾಕಬಹುದು. ಗೃಹಪ್ರವೇಶಕ್ಕೆ ಬರುವ ಹಸು ಆ ದಿನ ಇನ್ನೆಷ್ಟು ಮನೆಗೆ ಹೋಗಲಿದೆಯೆಂದು ಹೊಡೆದುಕೊಂಡು ಬಂದವನನ್ನು ಕೇಳಿ ತಿಳಿದುಕೊಳ್ಳಬಹುದು. ಛತ್ರದವರು ಮಿಗತೆಯನ್ನು ಹೊರಗೆ ಸುರಿಯದೆ ಮುಚ್ಚಿದ ಡಬ್ಬಗಳಲ್ಲಿ ಇರಿಸಬೇಕೆಂದು, ಮದುವೆಗೆ ಛತ್ರ ಗೊತ್ತುಮಾಡುವ ದಿನವೇ ಕರಾರು ಮಾಡಿಕೊಳ್ಳಬಹುದು. ಸೊಪ್ಪಿನ ಕಟ್ಟನ್ನು ಹಸುವಿನ ಮುಂದೆ ಇಡುವಾಗ ಅದಕ್ಕೆ ಸುತ್ತಿರುವ ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳತಕ್ಕದ್ದು.